ಒಂದೊಂದೇ ಇಟ್ಟಿಗೆ ತೆಗೆದು

ಸಿಂಗಪುರ ಬಿದ್ದ ಸುದ್ದಿ ಮದ್ದೂರಿಗೆ ಬಂದ ದಿನ ಅಖ್ತರ್ ಬೇಗಂ ಬೀಡಿ ಕಟ್ಟುತ್ತಿದ್ದಳು. ಮೈದುನ ಕರೀಂ ತನ್ನ ಸೈಕಲ್ ಅಂಗಡಿಯ ಬಾಗಿಲನ್ನು ಮಧ್ಯಾಹ್ನಕ್ಕೇ ಎಳೆದು ಬಂದು, ಹೊಸ್ತಿಲ ಆಚೆಯೇ ನಿಂತು, ‘ಭಾಬಿ, ಸಿಂಗಪುರ ಹೋಯ್ತಂತೆ’ ಎಂದ. ಅವಳು ಕೈಯಲ್ಲಿದ್ದ ಬೀಡಿಗೆ ದಾರ ಸುತ್ತಿ, ತುದಿ ಮಡಚಿ, ಮೊರದಲ್ಲಿಟ್ಟಳು. ಇನ್ನೊಂದು ಎಲೆ ತೆಗೆದುಕೊಂಡಳು. ಕೇಳಿಸಲಿಲ್ಲವೇನೋ ಎಂದು ಕರೀಂ ಮತ್ತೊಮ್ಮೆ ಹೇಳಿದ.

‘ಕೇಳಿಸ್ತು’ ಎಂದಳು.

ಅವಳ ಗಂಡ ಗಫಾರ್ ಇದ್ದದ್ದು ಆ ಊರಿನಲ್ಲೇ. ಮದ್ದೂರಿಗೂ ಮಳವಳ್ಳಿಗೂ ಬಸ್ಸು ಓಡಿಸಿಕೊಂಡಿದ್ದವನು. ಎಂಜಿನ್ ಬಿಚ್ಚಿ ಜೋಡಿಸುವುದೂ ಗೊತ್ತಿತ್ತು. ಯುದ್ಧಕ್ಕೆ ಲಾರಿ ಡ್ರೈವರುಗಳು ಬೇಕೆಂದು ಸೈನ್ಯದವರು ಕರೆದಾಗ ಹೆಸರು ಕೊಟ್ಟುಬಂದ. ಹೋಗುವ ದಿನ ಬೆಳಗ್ಗೆ ಮಗಳು ಸುರಯ್ಯಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಿಂಷಾ ಹೊಳೆಯವರೆಗೆ ಹೋಗಿಬಂದಿದ್ದ. ಮಗಳಿಗೆ ಆಗ ಐದು ವರ್ಷ. ಅವಳು ನಡೆದವಳಲ್ಲ, ನಿಂತವಳಲ್ಲ. ಹುಟ್ಟಿದಾಗ ಬಹಳ ಹೊತ್ತು ಅಳದೆ ನೀಲಿಗಟ್ಟಿದ್ದ ಕೂಸು. ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು, ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಮಾತು ನಿಧಾನ, ಆದರೆ ಸ್ಪಷ್ಟ. ಮನೆಯಲ್ಲಿ ಅವರು ಆಡುತ್ತಿದ್ದದ್ದು ಅರ್ಧ ಉರ್ದು, ಅರ್ಧ ಮದ್ದೂರಿನ ಕನ್ನಡ. ಎರಡರಲ್ಲೂ ಸುರಯ್ಯಾ ಒಂದೊಂದು ಮಾತನ್ನೂ ಎಳೆದೆಳೆದು ಪೂರ್ತಿ ಮಾಡಿಯೇ ಬಿಡುತ್ತಿದ್ದಳು.

ಸಿಂಗಪುರದ ನಂತರ ಗಫಾರನಿಂದ ಏನೂ ಬರಲಿಲ್ಲ. ಸತ್ತ ಎಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆ ಎಂದೂ ಹೇಳಲಿಲ್ಲ. ಬಳೆ ತೆಗೆಯಬೇಕೋ ಬೇಡವೋ ಎಂದು ಬೀದಿಯ ಹೆಂಗಸರು ಮಾತಾಡಿಕೊಂಡರು. ಅಖ್ತರ್ ಬೇಗಂ ತೆಗೆಯಲಿಲ್ಲ. ಹಟದಿಂದಲ್ಲ, ತೆಗೆಯಲು ಏಳಬೇಕಿತ್ತು, ಅದಕ್ಕೆ ಮನಸ್ಸು ಬರಲಿಲ್ಲ. ಮೊದಮೊದಲು ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತಾಗ ಜೋಮು ಹಿಡಿಯುತ್ತದಲ್ಲ, ಒಳಗೆಲ್ಲ ಹಾಗಾಗಿತ್ತು. ಅಡುಗೆ ಮಾಡಿದಳು, ಬೀಡಿ ಕಟ್ಟಿದಳು, ಮಗಳನ್ನು ಎತ್ತಿ ಹಿತ್ತಿಲಿಗೆ ಒಯ್ದಳು, ತೊಳೆದಳು, ತಂದು ಚಾಪೆಯ ಮೇಲೆ ಮಲಗಿಸಿದಳು. ಯಾರಾದರೂ ‘ಹೇಗಿದೀಯಮ್ಮ’ ಎಂದು ಕೇಳಿದರೆ ‘ಇದೀನಿ’ ಎನ್ನುತ್ತಿದ್ದಳು.

ಆ ವರ್ಷ ಮಳೆ ನಿಂತ ಮೇಲೆ ಅವಳಿಗೆ ಚಳಿಜ್ವರ ಹಿಡಿಯಿತು. ನಾಲೆ ಬಂದು ಗದ್ದೆಗಳಾದ ಮೇಲೆ ಈ ಸೀಮೆಗೆ ಚಳಿಜ್ವರ ಹೊಸದಲ್ಲ. ಆದರೆ ಯುದ್ಧದಿಂದಾಗಿ ಕ್ವಿನೈನ್ ಕೈಗೆ ಸಿಗದ ಕಾಲ ಅದು. ಕರೀಂ ಸೈಕಲ್ ಸಾಮಾನಿಗಾಗಿ ಮೈಸೂರಿಗೆ ಹೋಗಿದ್ದ. ಅಖ್ತರ್ ಬೇಗಂ ಕಂಬಳಿ ಹೊದ್ದು ಮಲಗಿದವಳಿಗೆ ಆಮೇಲಿನದು ಏನೂ ನೆನಪಿಲ್ಲ.

ಕಣ್ಣು ಬಿಟ್ಟಾಗ ಕೊಪ್ಪದಿಂದ ಮೊಸರು ತರುವ ಅಂಕಮ್ಮ ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತಿದ್ದಳು. ಅಂಕಮ್ಮ ಐವತ್ತರ ಹೆಂಗಸು. ಮೊಸರಿನ ಗಡಿಗೆ ಇಳಿಸಿ ಒಂದಿಷ್ಟು ಮಾತಾಡದೆ ಮುಂದಿನ ಮನೆಗೆ ಹೋದವಳಲ್ಲ.

‘ಎದ್ಯಾ ಬೂಬಮ್ಮ? ನೆನ್ನೆಯಿಂದ ಇಂಗೇ ಬಿದ್ದಿದ್ದೀಯ ಅಂತ ಕಾಣ್ತದೆ’ ಎಂದಳು. ‘ಕೂಸು ನೀರ್‌ಗೆ ಅಂತ ತೆವಳ್ಕಂಡು ಓಗಿತ್ತು ಕಣವ್ವ. ಅಡ್ಗೆಮನೆ ಒಸ್ಲತಾವ ಸಿಕ್ಕಾಕ್ಕೊಂಡು ಬಿದ್ದಿತ್ತು. ಮೊಣಕೈ ಎಲ್ಲಾ ಕಿತ್ತೋಗದೆ. ಕೂಗಿ ಕೂಗಿ ಗಂಟ್ಲೇ ಓಗ್‌ಬುಟ್ಟದೆ.’

ಸುರಯ್ಯಾ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಡೆದಿತ್ತು. ತಾಯಿಯನ್ನು ನೋಡಿದಳು.

‘ನೀನು ಸತ್ತುಗಿತ್ತು ಓಗಿದ್ರೆ, ಈ ಕೂಸೂ ಅಲ್ಲೇ ಒಣಗೋಯ್ತಿತ್ತು’ ಎಂದು ಅಂಕಮ್ಮ ಬಟ್ಟೆ ಹಿಂಡಿದಳು.

ಬೇರೆ ತಾಯಿಯಾಗಿದ್ದರೆ ಆ ಮಾತಿಗೆ ಎದೆ ಬಡಿದುಕೊಳ್ಳುತ್ತಿದ್ದಳೇನೋ. ಅಖ್ತರ್ ಬೇಗಂ ಅದನ್ನು ಒಂದು ಲೆಕ್ಕದ ಹಾಗೆ ಮನಸ್ಸಿನಲ್ಲಿ ಬಿಡಿಸಿದಳು. ನಾನು ಇಲ್ಲದಿದ್ದರೆ ಇವಳು ನೀರಿನ ಹತ್ತಿರ ಹೋಗಬೇಕು. ಹೋಗಬೇಕಾದರೆ ಹೊಸ್ತಿಲು ದಾಟಬೇಕು. ದಾಟಬೇಕಾದರೆ ಏಳಬೇಕು. ಅಷ್ಟೇ. ಅದರಾಚೆಗೆ ಅವಳು ಏನನ್ನೂ ಯೋಚಿಸಲಿಲ್ಲ.

ಜ್ವರ ಬಿಟ್ಟ ಮೇಲೆ ಕರೀಮನ ಜೊತೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ರೈಲು ಹತ್ತಿ ಮಂಡ್ಯದ ಆಸ್ಪತ್ರೆಗೆ ಹೋದಳು. ಹನಕೆರೆ ದಾಟುವಾಗ ಸುರಯ್ಯಾ ಕಿಟಕಿಯಲ್ಲಿ ಮುಖವಿಟ್ಟು ಕಬ್ಬಿನ ಗದ್ದೆ ನೋಡಿದಳು. ತಾಯಿ ಮಗಳ ಕಾಲುಗಳನ್ನು ನೋಡುತ್ತಿದ್ದಳು. ಮಗು ಖುಷಿಯಾದಾಗಲೂ ಅವು ಇನ್ನಷ್ಟು ಬಿಗಿಯುತ್ತಿದ್ದವು.

ಡಾಕ್ಟರ್ ತಿರುನಾರಾಯಣ ನಡುವಯಸ್ಸಿನವರು, ಕಣ್ಣಿನ ಕೆಳಗೆ ಕಪ್ಪು. ಮಗುವನ್ನು ಬೆಂಚಿನ ಮೇಲೆ ಕೂರಿಸಿ ಮೊಣಕಾಲು ಮಡಚಿ ಬಿಡಿಸಿ ನೋಡಿದರು. ಹೆಸರೇನು, ಊರು ಯಾವುದು, ರೈಲಿನಲ್ಲಿ ಏನು ಕಂಡಿತು ಎಂದು ಕೇಳಿದರು. ಸುರಯ್ಯಾ ನಿಧಾನವಾಗಿ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಕಾದರು.

‘ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಗಿದೆಯಮ್ಮ’ ಎಂದರು. ‘ಅದನ್ನು ಸರಿ ಮಾಡೋ ಔಷಧಿ ನನ್ನ ಹತ್ತಿರ ಇಲ್ಲ, ಯಾರ ಹತ್ತಿರಾನೂ ಇಲ್ಲ. ಬುದ್ಧಿ ಚೆನ್ನಾಗಿದೆ. ಕಾಲು ಬಿಗಿ. ಬಿಗಿ ಇರೋದರಿಂದ ಬಲ ಇದೆ ಅಂತ ಕಾಣುತ್ತೆ. ಬಲ ಇಲ್ಲ. ಉಪಯೋಗಿಸದೆ ಸೊರಗಿದೆ.’

ಮಗುವಿನ ಪಾದಕ್ಕೆ ತಮ್ಮ ಅಂಗೈ ಒಡ್ಡಿ, ‘ತಳ್ಳಮ್ಮ’ ಎಂದರು. ಸುರಯ್ಯಾಳ ಮುಖವೆಲ್ಲ ಸೊಟ್ಟಗಾಯಿತು, ಕೈಗಳು ತಾವಾಗಿ ಮೇಲೆದ್ದವು. ಡಾಕ್ಟರ ಅಂಗೈ ಸ್ವಲ್ಪ ಹಿಂದೆ ಸರಿಯಿತು.

‘ನೋಡಿ, ತಳ್ತಾಳೆ. ಇದ್ದಷ್ಟನ್ನು ಬೆಳೆಸಬಹುದು. ದಣಿಸಿದರೆ ಬಿಗಿ ಜಾಸ್ತಿ ಆಗುತ್ತೆ ಅಂತ ಹೇಳೋ ಡಾಕ್ಟರುಗಳೂ ಇದ್ದಾರೆ. ಆಗುತ್ತೋ ಇಲ್ವೋ ನನಗೆ ಖಂಡಿತ ಗೊತ್ತಿಲ್ಲ. ನನ್ನ ಮಗಳಾಗಿದ್ದರೆ ಮಾಡಿಸ್ತಿದ್ದೆ. ಆದರೆ ನಡೀತಾಳೆ ಅಂತ ನಾನು ಹೇಳಲ್ಲ.’

‘ನಡಿಯೋದು ಬ್ಯಾಡ ಸ್ವಾಮಿ’ ಎಂದಳು ಅಖ್ತರ್ ಬೇಗಂ. ‘ನೀರಿನ ಮಡಕೆತಾವ ಹೋಗ್ಬೇಕು. ಅಷ್ಟು ಸಾಕು.’

ಡಾಕ್ಟರು ಅವಳನ್ನು ಒಮ್ಮೆ ನೋಡಿ, ಎದ್ದು ಬಂದು, ಮಗುವನ್ನು ಎತ್ತರದ ಸ್ಟೂಲಿನ ತುದಿಯಲ್ಲಿ ಕೂರಿಸಿ ಪಾದ ನೆಲಕ್ಕೆ ಊರಿಸಿದರು. ‘ಎತ್ತರದಿಂದ ಏಳೋದು ಸುಲಭ. ಅಲ್ಲಿಂದ ಶುರು ಮಾಡಿ. ಏಳಿಸಿ, ಕೂರಿಸಿ. ಅದು ಸಲೀಸಾದ ಮೇಲೆ ಕೂರೋ ಜಾಗ ಸ್ವಲ್ಪ ತಗ್ಗಿಸಿ. ಸಲೀಸಾಗಿರೋದನ್ನೇ ಮಾಡಿಸ್ತಾ ಇದ್ದರೆ ಬಲ ಬರೋದಿಲ್ಲ, ನೆನಪಿಟ್ಕೊಳ್ಳಿ. ದಿನಾ ಬೇಡ. ಒಂದು ದಿನ ಬಿಟ್ಟು ಒಂದು ದಿನ. ಮಧ್ಯೆ ಮೈ ಸುಧಾರಿಸ್ಕೋಬೇಕು.’

ಹಿತ್ತಿಲ ಗೋಡೆ ಮಳೆಗೆ ಒಂದು ಕಡೆ ಕುಸಿದಿತ್ತು. ಅಖ್ತರ್ ಬೇಗಂ ಅದರ ಇಟ್ಟಿಗೆಗಳನ್ನು ಆಯ್ದು ತಂದು ಪಡಸಾಲೆಯ ಕಂಬದ ಎದುರಿಗೆ ಮಗಳ ತೊಡೆಯ ಎತ್ತರಕ್ಕೆ ಪೇರಿಸಿದಳು. ಮೇಲೆ ಗೋಣಿತಟ್ಟು ಹಾಸಿದಳು. ಹರಳೆಣ್ಣೆ ಬಿಸಿ ಮಾಡಿ ಕಾಲಿಗೆ ತಿಕ್ಕಿದಳು, ಮೊಣಕಾಲುಗಳು ಅಂಟಿಕೊಳ್ಳದ ಹಾಗೆ ನಡುವೆ ಬಟ್ಟೆಯ ಸಿಂಬಿ ಇಟ್ಟಳು. ಮಗಳನ್ನು ಇಟ್ಟಿಗೆಯ ಮೇಲೆ ಕೂರಿಸಿ, ಕಂಬ ಹಿಡಿಸಿ, ‘ಏಳು’ ಎಂದಳು.

ಸುರಯ್ಯಾ ಏಳಲಿಲ್ಲ. ಕಾಲು ಮುಂದಕ್ಕೆ ಚಾಚಿಕೊಂಡು ಇಟ್ಟಿಗೆಯ ಮೇಲಿಂದ ಜಾರಿದಳು. ತಾಯಿ ಎತ್ತಿ ಕೂರಿಸಿದಳು. ‘ಏಳು.’ ಮತ್ತೆ ಜಾರಿದಳು. ತಾಯಿ ಬೈಯಲಿಲ್ಲ, ಮುದ್ದಿಸಲೂ ಇಲ್ಲ. ಮಗಳ ಮೂಗು ಒರೆಸಿ ಮತ್ತೆ ಕೂರಿಸಿದಳು.

ಹೀಗೆ ಹಲವು ವಾರ ಹೋದವು. ಕಂಬ ದಪ್ಪವಾಗಿದ್ದರಿಂದ ಮಗುವಿನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಒಂದು ದಿನ ಕರೀಂ ಬಂದಾಗ ಸುರಯ್ಯಾ ಬೆವತು, ಹಲ್ಲು ಕಚ್ಚಿ, ಅರ್ಧ ಎದ್ದು ನಡುಗುತ್ತಿದ್ದಳು.

‘ಭಾಬಿ, ಸಾಕು ಬುಡಿ’ ಎಂದ ಅವನು. ‘ಮಗೀಗೆ ಹಿಂಸೆ ಕೊಡ್ತಾ ಇದೀರ. ನಾಳೆ ಅಣ್ಣ ಬಂದು ಇದನ್ನ ನೋಡಿದ್ರೆ ಏನಂತಾನೆ?’

‘ಬರ್ಲಿ’ ಎಂದಳು ಅಖ್ತರ್ ಬೇಗಂ. ‘ಬಂದು ಅನ್ಲಿ.’

ಕರೀಂ ಹೊರಟುಹೋದ. ಮರುದಿನ ಅಂಗಡಿಯಿಂದ ಹಳೆಯ ಸೈಕಲಿನ ಹ್ಯಾಂಡಲು ತಂದು, ಮಗುವಿನ ಎದೆಯ ಮಟ್ಟಕ್ಕೆ ಕಂಬಕ್ಕೆ ಪಟ್ಟಿ ಬಿಗಿದು ಕೂರಿಸಿದ. ಎರಡು ಕಡೆ ರಬ್ಬರಿನ ಹಿಡಿ. ಸುರಯ್ಯಾ ಅದನ್ನು ಹಿಡಿದು, ಬೆರಳಿನಿಂದ ಗಂಟೆ ಹುಡುಕಿದಳು. ‘ಗಂಟೆ ಇಲ್ಲ ಚಚ್ಚಾ’ ಎಂದಳು. ಕರೀಂ ಅದನ್ನೂ ತಂದು ಹಾಕಿದ. ಅವತ್ತಿನಿಂದ ಅವಳು ಪೂರ್ತಿ ಎದ್ದು ನಿಂತಾಗಲೆಲ್ಲ ಬೀದಿಗೆ ಗಂಟೆ ಕೇಳಿಸುತ್ತಿತ್ತು. ಮೊದಲ ಸಲ ಅದು ಕೇಳಿಸಿದ್ದು ಸಂಕ್ರಾಂತಿ ಕಳೆದ ಮೇಲೆ.

ಎತ್ತರ ಸಲೀಸಾದ ಹಾಗೆ ಅಖ್ತರ್ ಬೇಗಂ ಒಂದು ವರಸೆ ಇಟ್ಟಿಗೆ ತೆಗೆಯುತ್ತಿದ್ದಳು. ತೆಗೆದ ದಿನ ಸುರಯ್ಯಾ ತಾಯಿಯ ಜೊತೆ ಮಾತು ಬಿಡುತ್ತಿದ್ದಳು. ನಿನ್ನೆ ಬರುತ್ತಿದ್ದದ್ದು ಇವತ್ತು ಮತ್ತೆ ಬರುತ್ತಿರಲಿಲ್ಲವಲ್ಲ. ಬೇಸಿಗೆಯಲ್ಲಿ ತಾಯಿ ಪೆಟ್ಟಿಗೆಯಿಂದ ಗಫಾರನ ಖಾಕಿ ಕೋಟು ತೆಗೆದಳು. ಬಸ್ಸು ಓಡಿಸುವಾಗ ಹಾಕುತ್ತಿದ್ದದ್ದು. ಹೊಳೆಯ ಮರಳನ್ನು ಬಟ್ಟೆಯ ಗಂಟುಗಳಲ್ಲಿ ಕಟ್ಟಿ ಅದರ ಜೇಬುಗಳಿಗೆ ತುಂಬಿದಳು. ಮಗಳಿಗೆ ಅದನ್ನು ತೊಡಿಸಿ, ‘ಈಗ ಏಳು’ ಎಂದಳು. ಕೋಟಿನಲ್ಲಿ ಪೆಟ್ರೋಲಿನ ವಾಸನೆ ಇತ್ತು. ಸುರಯ್ಯಾ ತೋಳಿಗೆ ಮೂಗು ಒತ್ತಿ ಎಳೆದುಕೊಂಡಳು. ಅಖ್ತರ್ ಬೇಗಂ ಆಚೆ ನೋಡಿದಳು. ಕೆಲವು ತಿಂಗಳಲ್ಲಿ ಕೋಟಿಗೆ ಹರಳೆಣ್ಣೆ, ಬೆವರಿನ ವಾಸನೆ ಹತ್ತಿತು.

ಒಂದು ಮಧ್ಯಾಹ್ನ ಕಾಲು ತಿಕ್ಕಿಸಿಕೊಳ್ಳುತ್ತಾ ಸುರಯ್ಯಾ ಕೇಳಿದಳು: ‘ಅಮ್ಮಿ, ನನ್ ಮೇಲೆ ಕ್ವಾಪಾನಾ ನಿಂಗೆ?’

‘ಇಲ್ಲ.’

‘ಮತ್ತೆ, ನಾನಂದ್ರೆ ಆಸೆನಾ?’

ಅಖ್ತರ್ ಬೇಗಂ ಎಣ್ಣೆಯ ಬಟ್ಟಲಲ್ಲಿ ಕೈ ಅದ್ದಿದಳು. ಹೌದು ಎಂದರೆ ಆಗುತ್ತಿತ್ತು. ಒಳಗೆ ಹುಡುಕಿದಳು. ಅಲ್ಲಿ ಕೈಗೆ ಏನೂ ಸಿಗಲಿಲ್ಲ, ಇಲ್ಲ ಎನ್ನುವುದೂ ಸಿಗಲಿಲ್ಲ. ‘ಇನ್ನೊಂದು ಕಾಲು ಕೊಡು’ ಎಂದಳು. ಸುರಯ್ಯಾ ಇನ್ನೊಂದು ಕಾಲು ಕೊಡಲು ಪ್ರಯತ್ನಪಟ್ಟಳು. ಬಹಳ ಹೊತ್ತು ಹಿಡಿಯಿತು. ಅವಳಾಗಿಯೇ ಕೊಟ್ಟಳು.

ಮುಂದಿನ ವರ್ಷ ಹುಡುಗಿ ಇದ್ದಕ್ಕಿದ್ದಂತೆ ಉದ್ದಕ್ಕೆ ಬೆಳೆದಳು. ಲಂಗಗಳು ಗಿಡ್ಡವಾದವು. ಅದರ ಜೊತೆಗೆ ಕಾಲು ಮತ್ತೆ ಬಿಗಿಯಿತು, ಇಳಿದಿದ್ದ ಹಿಮ್ಮಡಿ ಮೇಲೆ ಹೋಯಿತು, ಏಳುವಾಗ ಮೊಣಕಾಲುಗಳು ಬಡಿದುಕೊಂಡವು. ಪಡಸಾಲೆಯಿಂದ ತೆಗೆದು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಟ್ಟೆ ಮಾಡಿದ್ದ ಇಟ್ಟಿಗೆಗಳನ್ನು ಅಖ್ತರ್ ಬೇಗಂ ಕಿತ್ತು ತಂದು ಮತ್ತೆ ಪೇರಿಸಿದಳು. ಅಷ್ಟು ದಿನ ನೋವಿಗೆ ಅಳದ ಸುರಯ್ಯಾ ಆ ಇಟ್ಟಿಗೆಗಳನ್ನು ನೋಡಿ ಅತ್ತಳು. ಅವತ್ತು ಮೊಸರು ಹಾಕಲು ಬಂದ ಅಂಕಮ್ಮನಿಗೂ ತಡೆಯಲಾಗಲಿಲ್ಲ.

‘ಏನ್ ಬೂಬಮ್ಮ, ಕಲ್ಲಾ ನೀನು? ಒಂದ್ ಕಿತ ಎತ್ಕಂಡು ಸಮಾಧಾನ ಮಾಡವ್ವ.’

‘ಎತ್ಕೊಂಡ್ರೆ ಎತ್ಕೊಂಡೇ ಇರ್ಬೇಕಾಯ್ತದೆ’ ಎಂದಳು ಅಖ್ತರ್ ಬೇಗಂ. ಮಗಳ ಕಡೆ ತಿರುಗಿ, ‘ನಿನ್ ತಪ್ಪಲ್ಲ. ಮೂಳೆ ಮುಂದಕ್ಕೆ ಓಡ್ಬುಟ್ಟದೆ, ಬಲ ಹಿಂದೆ ಉಳ್ಕೊಂಡದೆ. ಅದೂ ಬತ್ತದೆ. ಏಳು’ ಎಂದಳು.

ಅಂಕಮ್ಮ ಗಡಿಗೆ ಹೊತ್ತು ಎದ್ದುಹೋದಳು. ಕೆಲವು ದಿನ ಆ ಮನೆಗೆ ಬರಲಿಲ್ಲ. ಆಮೇಲೆ ತಾನೇ ಬಂದು, ಸುರಯ್ಯಾಳ ಎದುರು ಕೂತು, ಅವಳು ಎದ್ದಾಗಲೆಲ್ಲ ಊರ ಸುದ್ದಿ ಒಂದೊಂದು ಹೇಳತೊಡಗಿದಳು. ಏಳದಿದ್ದರೆ ಸುದ್ದಿ ಅರ್ಧಕ್ಕೇ ನಿಲ್ಲುತ್ತಿತ್ತು. ಯಾರ ಎಮ್ಮೆ ಯಾರ ಗದ್ದೆಗೆ ನುಗ್ಗಿತು, ಯಾರ ಸೊಸೆ ತವರಿಗೆ ಹೋದಳು ಎನ್ನುವುದನ್ನೆಲ್ಲ ಸುರಯ್ಯಾ ಹೀಗೆಯೇ ತಿಳಿದುಕೊಂಡಳು.

ಇಟ್ಟಿಗೆಗಳು ಮತ್ತೆ ಇಳಿದವು. ಯುದ್ಧ ಮುಗಿಯುವ ಹೊತ್ತಿಗೆ ಕಂಬದ ಎದುರು ಅಡುಗೆಯ ಮಣೆಯೊಂದೇ ಉಳಿದಿತ್ತು. ಒಂದು ಬೆಳಗ್ಗೆ ಅಖ್ತರ್ ಬೇಗಂ ಅದನ್ನೂ ತೆಗೆದಳು. ಸುರಯ್ಯಾ ನೆಲದ ಮೇಲೆ ಮಂಡಿಯೂರಿ, ಒಂದು ಕಾಲು ಮುಂದಿಟ್ಟು, ಹ್ಯಾಂಡಲನ್ನಲ್ಲ, ಗೋಡೆಯನ್ನು ಒತ್ತಿ, ಎದ್ದಳು. ಎದ್ದು ನಿಂತವಳು ಕರೀಂ ಮಾಡಿಸಿಕೊಟ್ಟಿದ್ದ ಊರುಗೋಲು ತೆಗೆದುಕೊಂಡು, ಗೋಡೆ ಸವರಿಕೊಂಡು, ಮೊಣಕಾಲಿಗೆ ಮೊಣಕಾಲು ಉಜ್ಜುತ್ತ, ಅಡುಗೆಮನೆಯ ಹೊಸ್ತಿಲು ದಾಟಿದಳು. ಮಡಕೆಯ ಮುಚ್ಚಳ ತೆಗೆದಳು. ನೀರು ಮೊಗೆದಳು. ಅರ್ಧ ಮೈಮೇಲೆ ಚೆಲ್ಲಿತು, ಅರ್ಧ ಕುಡಿದಳು.

ಮೊಸರು ತಂದಿದ್ದ ಅಂಕಮ್ಮ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು ಬೀದಿಗೆ ಹೋಗಿ ಹೇಳಿಬಂದಳು. ಹೆಂಗಸರು ಬಂದು ನೆರೆದರು. ಯಾರೋ ಸುರಯ್ಯಾಳ ಬಾಯಿಗೆ ಬೆಲ್ಲ ಇಟ್ಟರು. ಈಗ ಸಂತೋಷವಾಗಬೇಕು ಎಂದು ಅಖ್ತರ್ ಬೇಗಂಗೆ ಗೊತ್ತಿತ್ತು. ಒಲೆಯ ಹತ್ತಿರ ನಿಂತು ಅದಕ್ಕಾಗಿ ಕಾದಳು. ಬರಲಿಲ್ಲ. ನೆಲದ ಮೇಲೆ ಚೆಲ್ಲಿದ್ದ ನೀರನ್ನು ಒರೆಸಿದಳು, ಯಾರಾದರೂ ಜಾರಬಾರದೆಂದು.

ಮರುವರ್ಷದ ಶುರುವಿನಲ್ಲಿ ಗಫಾರ್ ಬಂದ. ಬದುಕಿದ್ದಾನೆ ಎಂಬ ಸುದ್ದಿ ಅದಕ್ಕೆ ಸ್ವಲ್ಪ ಮೊದಲು, ಜಪಾನಿಯರ ಸೆರೆಯಲ್ಲಿ ಅವನ ಜೊತೆಗಿದ್ದ ಇನ್ನೊಬ್ಬನಿಂದ ಕರೀಮನಿಗೆ ತಲುಪಿತ್ತು. ಅಖ್ತರ್ ಬೇಗಂ ಮೈದುನನ ಜೊತೆ ಸ್ಟೇಷನ್ನಿಗೆ ಹೋದಳು. ರೈಲಿನಿಂದ ಇಳಿದವನು ಗಫಾರನ ತಂದೆಯ ಹಾಗೆ ಕಾಣುತ್ತಿದ್ದ. ಕುತ್ತಿಗೆ ಸಣ್ಣಗಾಗಿ ತಲೆ ದೊಡ್ಡದಾಗಿತ್ತು. ಕರೀಂ ಅಣ್ಣನನ್ನು ತಬ್ಬಿ ಅತ್ತ. ಗಫಾರ್ ತಮ್ಮನ ಬೆನ್ನು ತಟ್ಟಿದ, ಬೇರೆ ಯಾರನ್ನೋ ಸಮಾಧಾನ ಮಾಡುವವನ ಹಾಗೆ.

‘ಮಗು?’ ಎಂದು ಹೆಂಡತಿಯನ್ನು ಕೇಳಿದ.

‘ಮನೇಲವ್ಳೆ.’

‘ಹೂಂ.’

ಸುರಯ್ಯಾ ಬಾಗಿಲಲ್ಲಿ ನಿಂತಿದ್ದಳು. ತಂದೆಯನ್ನು ನಿಂತುಕೊಂಡೇ ನೋಡಬೇಕೆಂದು ಬೆಳಗಿನಿಂದ ಹೇಳಿಕೊಂಡಿದ್ದಳು. ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಗಫಾರ್ ಅವಳ ಎದುರು ಬಂದು, ತಲೆಯ ಮೇಲೆ ಕೈಯಿಟ್ಟ. ಆಮೇಲೆ ಒಳಗೆ ಹೋಗಿ ಗೋಡೆಯ ಪಕ್ಕ ನೆಲದ ಮೇಲೆ ಕೂತ. ಅವನು ಏನಾದರೂ ಹೇಳುತ್ತಾನೆಂದು ಹುಡುಗಿ ಕಾದಳು. ಅವನು ತಟ್ಟೆಯಲ್ಲಿ ಹಾಕಿದ್ದನ್ನೆಲ್ಲ ಉಂಡ. ಉಣ್ಣುವಾಗ ಎಡಗೈಯನ್ನು ತಟ್ಟೆಯ ಸುತ್ತ ಅಡ್ಡ ಹಿಡಿದಿದ್ದ.

ಕೈ ತೊಳೆಯಲು ಏಳಬೇಕಾಯಿತು. ಗೋಡೆಗೆ ಅಂಗೈ ಒತ್ತಿದ, ಅರ್ಧ ಎದ್ದ, ಕೂತ. ಮತ್ತೆ ಒತ್ತಿದ. ಮೊಣಕಾಲು ಹಿಡಿಯಲಿಲ್ಲ. ಕರೀಂ ಮುಂದೆ ಬಂದಾಗ ಕೈಯಾಡಿಸಿ ಬೇಡವೆಂದ. ಸುರಯ್ಯಾ ಅದನ್ನೆಲ್ಲ ಗಮನವಿಟ್ಟು ನೋಡಿದಳು.

‘ಅಬ್ಬಾ, ನೆಲದಿಂದ ಮೊದ್ಲೇ ಏಳಕ್ಕಾಗಲ್ಲ’ ಎಂದು ತಂದೆಗೆ ಹೇಳಿದಳು, ಒಂದೊಂದೇ ಮಾತು. ‘ಅದು ಕೊನೇದು. ನೀವು ಇಟ್ಟಿಗೆ ಮೇಲಿಂದ ಶುರು ಮಾಡ್ಬೇಕು.’

ಅಖ್ತರ್ ಬೇಗಂ ಹಿತ್ತಿಲಿಗೆ ಹೋಗಿ ಇಟ್ಟಿಗೆ ತಂದಳು.

ಮೊದಲ ವಾರ ಗಫಾರ್ ಅದರ ಮೇಲೆ ಕೂತದ್ದೇ ಹೆಚ್ಚು. ಮಗಳು ಕೋಟು ತೊಟ್ಟು ಏಳುವುದನ್ನು, ಕೂರುವುದನ್ನು ನೋಡುತ್ತಿದ್ದ. ತನ್ನ ಕೋಟನ್ನು ಅವನು ಗುರುತಿಸಿದನೋ ಇಲ್ಲವೋ, ಕೇಳಲಿಲ್ಲ. ಒಂದು ದಿನ ಹೆಂಡತಿಯ ಕಡೆ ತಿರುಗದೆಯೇ ಅವನು ಹೇಳಿದ:

‘ಅಲ್ಲಿ ಬೆಳಗ್ಗೆ ಎದ್ದು ನಿಂತೋರಿಗೆ ಪೂರ್ತಿ ಅನ್ನ. ಏಳಕ್ಕಾಗ್ದೇ ಇದ್ದೋರಿಗೆ ಅರ್ಧ. ಅರ್ಧ ತಿಂದೋರು ಮಾರನೇ ದಿನಾನೂ ಏಳ್ತಿರ್ಲಿಲ್ಲ.’

ಅಖ್ತರ್ ಬೇಗಂ ಬೀಡಿ ಎಲೆ ಕತ್ತರಿಸುತ್ತಿದ್ದವಳು ಕತ್ತರಿ ನಿಲ್ಲಿಸಿದಳು.

‘ನಿಂಗೆ ಇದೆಲ್ಲಾ ಹೇಗೆ ತಿಳೀತು?’ ಎಂದ. ‘ಇವಳನ್ನ ಏಳಿಸ್ಬೇಕು ಅಂತ?’

‘ನೀವು ಇರ್ಲಿಲ್ಲ. ನಾನೂ ಇಲ್ದೇ ಹೋದ್ರೆ ಅಂತ’ ಎಂದಳು. ‘ಹೇಗೆ ಏಳಿಸ್ಬೇಕು ಅಂತ ಮಂಡ್ಯದ ಡಾಕ್ಟರು ಹೇಳ್ಕೊಟ್ರು.’

ಅವನು ತಲೆಯಾಡಿಸಿದ. ಆ ವಿಷಯ ಅಷ್ಟಕ್ಕೇ ಮುಗಿಯಿತು. ಅವನು ಸೆರೆಯ ಬಗ್ಗೆ ಮತ್ತೆ ಮಾತೆತ್ತಲಿಲ್ಲ, ಅವಳು ಕೇಳಲೂ ಇಲ್ಲ. ಗಂಡ ಬಂದ ಮೇಲೆ ಎಲ್ಲ ಮೊದಲಿನ ಹಾಗಾಗುತ್ತದೆಂದು ಬೀದಿಯವರು ಅಂದುಕೊಂಡಿದ್ದರು. ಅವಳು ಅವನಿಗೆ ಅನ್ನ ಬಡಿಸಿದಳು, ಅಂಗಿ ಒಗೆದಳು, ಕಾಲಿಗೆ ಅದೇ ಹರಳೆಣ್ಣೆ ತಿಕ್ಕಿದಳು. ಅವನು ಬಂದದ್ದೂ ಅವಳ ಒಳಗನ್ನು ತಟ್ಟಲಿಲ್ಲ. ಅವನಿಗೂ ಹಾಗೆಯೇ ಇದೆ ಎಂದು ಅವಳಿಗೆ ತಿಳಿಯುತ್ತಿತ್ತು. ಅದರಿಂದ ಒಂದು ಬಗೆಯ ಅನುಕೂಲವೇ ಆಯಿತು. ಇಬ್ಬರೂ ಇನ್ನೊಬ್ಬರಿಗಾಗಿ ನಟಿಸಬೇಕಾಗಿರಲಿಲ್ಲ.

ನಡೆದದ್ದೆಲ್ಲ ಮಗಳಿಂದ ನಡೆಯಿತು. ತಂದೆ ಅವಳಿಗಿಂತ ಬೇಗ ಬಲ ಹಿಡಿದ. ಅದಕ್ಕೆ ಅವಳಿಗೆ ಹೊಟ್ಟೆಕಿಚ್ಚಾಯಿತು. ‘ಅಬ್ಬಾ ಮೋಸ ಮಾಡ್ತಾರೆ, ಅವರಿಗೆ ಮೊದ್ಲೇ ಏಳಕ್ಕೆ ಬತ್ತಿತ್ತು’ ಎಂದು ದೂರಿದಳು. ಗಫಾರ್ ಅವತ್ತು ಮಗಳ ಕೋಟಿನ ಮರಳಿನ ಗಂಟುಗಳನ್ನು ತೆಗೆದು ತನ್ನ ಜೇಬಿಗೆ ತುಂಬಿಕೊಂಡು ಎದ್ದ. ಮಳೆಗಾಲದ ಹೊತ್ತಿಗೆ ಅವನು ನೆಲದಿಂದ ಕೈಯೂರದೆ ಏಳುತ್ತಿದ್ದ. ವರ್ಷದ ಕೊನೆಗೆ ಹಳೆಯ ಯಜಮಾನರು ಅವನನ್ನು ಕರೆಸಿ ಮಳವಳ್ಳಿಯ ಬಸ್ಸನ್ನೇ ಮತ್ತೆ ಕೊಟ್ಟರು.

ಆಗ ಸುರಯ್ಯಾ ಬಸ್ಸಿನಲ್ಲಿ ಹೋಗಬೇಕೆಂದಳು. ಮಳವಳ್ಳಿಯಲ್ಲಿ ಅವಳ ನಾನಿ, ಅಖ್ತರ್ ಬೇಗಂಳ ತಾಯಿ, ಇದ್ದಳು. ಕಣ್ಣು ಮಂಜಾಗಿ ಮನೆಯಿಂದ ಹೊರಡುತ್ತಿರಲಿಲ್ಲ. ಮಗಳು ಎತ್ತಿಕೊಂಡು ಹೋಗಲಾಗದಷ್ಟು ಬೆಳೆದ ಮೇಲೆ ಅಖ್ತರ್ ಬೇಗಂ ಆ ಕಡೆ ಹೋಗಿರಲಿಲ್ಲ.

‘ಬಸ್ಸಿನ ಮೆಟ್ಲು ಎತ್ತರ’ ಎಂದ ಗಫಾರ್.

‘ಎಷ್ಟು ಎತ್ತರ?’ ಎಂದಳು ಸುರಯ್ಯಾ.

ಅವನು ತನ್ನ ಮೊಣಕಾಲಿನ ಕೆಳಗೆ ಕೈಯಿಟ್ಟು ತೋರಿಸಿದ. ಅಖ್ತರ್ ಬೇಗಂ ಒಂದು ಇಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿ ಇಟ್ಟಳು. ಈ ಸಲ ಇಟ್ಟಿಗೆ ಇದ್ದದ್ದು ಹತ್ತುವುದಕ್ಕೆ, ತೆಗೆಯುವ ಬದಲು ಒಂದೊಂದಾಗಿ ಏರಿಸುವುದಕ್ಕೆ. ಹತ್ತಿ ನಿಂತವಳನ್ನು ಗಫಾರ್ ಸೊಂಟ ಹಿಡಿದು ಕೆಳಗಿಳಿಸುತ್ತಿದ್ದ, ಅವಳು ಮತ್ತೆ ಹತ್ತುತ್ತಿದ್ದಳು. ಅದನ್ನು ಕಲಿಯಲು ಆ ಚಳಿಗಾಲವೆಲ್ಲ ಹಿಡಿಯಿತು. ಎರಡು ಸಲ ಬಿದ್ದು ಹಣೆ ಒಡೆದುಕೊಂಡಳು. ಬಿದ್ದಾಗ ಗಫಾರ್ ಓಡಿಬಂದರೆ ಅಖ್ತರ್ ಬೇಗಂ ಅವನ ತೋಳು ಹಿಡಿದು ನಿಲ್ಲಿಸುತ್ತಿದ್ದಳು.

ಮಾವು ಹೂಬಿಟ್ಟ ಕಾಲದಲ್ಲಿ ಅವರು ಹೊರಟರು. ಮದ್ದೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಸಂತೆಗೆ ಹೋಗುವವರು ತುಂಬಿದ್ದರು. ಕಂಡಕ್ಟರ್ ಸಿದ್ದರಾಜು ಹುಡುಗಿಯ ಊರುಗೋಲು ಕಂಡು, ‘ಬಾರವ್ವ, ಎತ್ತಿ ಕೂರುಸ್ತೀನಿ’ ಎಂದು ಕೈ ಚಾಚಿದ.

‘ಬ್ಯಾಡ. ನಾನೇ ಹತ್ತೀನಿ’ ಎಂದಳು ಸುರಯ್ಯಾ.

ಬಾಗಿಲಿನ ಸರಳು ಹಿಡಿದಳು. ಬಲಗಾಲು ಎತ್ತಿದಳು. ಅದು ಮೆಟ್ಟಿಲಿನ ಅಂಚಿಗೆ ತಾಗಿ ಕೆಳಗೆ ಬಂತು. ಮತ್ತೆ ಎತ್ತಿದಳು. ಹಿಂದೆ ನಿಂತಿದ್ದವರೊಬ್ಬರು ‘ಒತ್ತಾಯ್ತದೆ ಕಣಪ್ಪ, ಎತ್ತಿ ಒಳಿಕ್ಕಾಕು’ ಎಂದು ಗೊಣಗಿದರು. ಗಫಾರ್ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದ. ತಿರುಗಿ ನೋಡಲಿಲ್ಲ, ಎಂಜಿನ್ನನ್ನೂ ಚಾಲೂ ಮಾಡಲಿಲ್ಲ. ಮೂರನೆಯ ಸಲ ಕಾಲು ಮೆಟ್ಟಿಲ ಮೇಲೆ ಕೂತಿತು. ಸುರಯ್ಯಾಳ ಕುತ್ತಿಗೆಯ ನರ ಉಬ್ಬಿತು. ಮೈಯನ್ನೆಲ್ಲ ಆ ಒಂದು ಕಾಲಿನ ಮೇಲೆ ಹಾಕಿ, ತಳ್ಳಿ, ಎಡಗಾಲನ್ನು ಎಳೆದುಕೊಂಡಳು. ಒಳಗೆ ಹೋಗಿ ಕೂತ ಮೇಲೆ ಬಸ್ಸು ಹೊರಟಿತು.

ದಾರಿಯುದ್ದಕ್ಕೂ ಅವಳು ಕಿಟಕಿಯ ಆಚೆ ಕಂಡದ್ದನ್ನೆಲ್ಲ ತಾಯಿಗೆ ಹೇಳಿದಳು. ಅಖ್ತರ್ ಬೇಗಂ ಹೂಂಗುಟ್ಟಿದಳು. ಮಳವಳ್ಳಿಯಲ್ಲಿ ಎಲ್ಲರೂ ಇಳಿದರು. ಅಖ್ತರ್ ಬೇಗಂ ಗಂಟು ಹಿಡಿದು ಮೊದಲು ಇಳಿದು, ಪಕ್ಕಕ್ಕೆ ಸರಿದು, ಮಗಳಿಗೆ ದಾರಿ ಬಿಟ್ಟು ನಿಂತಳು.

ಸುರಯ್ಯಾ ಬಾಗಿಲಿಗೆ ಬಂದಳು. ಮೆಟ್ಟಿಲನ್ನು ನೋಡಿದಳು. ನೆಲವನ್ನು ನೋಡಿದಳು. ಅಲ್ಲೇ ನಿಂತಳು.

‘ಏನಾಯ್ತು?’ ಎಂದಳು ತಾಯಿ.

‘ಅಮ್ಮಿ’ ಎಂದಳು ಸುರಯ್ಯಾ ಬಹಳ ಯೋಚಿಸಿ, ‘ಇಳಿಯೋದು ನಾವು ಕಲ್ತಿಲ್ಲ.’

ಅಖ್ತರ್ ಬೇಗಂ ಮಗಳ ಮುಖ ನೋಡಿದಳು. ನಿಜ. ಏಳುವುದು, ನಿಲ್ಲುವುದು, ದಾಟುವುದು, ಹತ್ತುವುದು ಎಲ್ಲ ಮಾಡಿಸಿದ್ದರು. ಇಳಿಯಬೇಕಾಗುತ್ತದೆಂದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅವಳ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು. ಕೆಮ್ಮು ಎಂದುಕೊಂಡಳು. ಅದು ಹೊರಗೆ ಬಂದಾಗ ನಗುವಾಗಿತ್ತು. ಒರಟಾದ, ಬಳಸದೆ ಬಿಟ್ಟ ಬಾಗಿಲಿನ ಹಾಗೆ ಕಿರುಗುಟ್ಟುವ ನಗು. ಡ್ರೈವರ್ ಸೀಟಿನಿಂದ ಗಫಾರ್ ತಿರುಗಿ ನೋಡಿದ. ಸುರಯ್ಯಾಳಿಗೆ ತಾಯಿ ನಕ್ಕದ್ದು ನೆನಪಿರಲಿಲ್ಲ. ಅವಳು ಗಾಬರಿಯಿಂದ, ‘ಬಿದ್ದೋಗ್ತೀನಿ ಅಮ್ಮಿ, ನಗಬ್ಯಾಡ’ ಎಂದಳು.

ಅಖ್ತರ್ ಬೇಗಂ ಗಂಟನ್ನು ನೆಲಕ್ಕಿಟ್ಟು ಎರಡೂ ತೋಳು ಚಾಚಿದಳು. ಹುಡುಗಿ ಒಂದು ಕ್ಷಣ ಅನುಮಾನದಿಂದ ನೋಡಿ, ಸರಳು ಬಿಟ್ಟು, ತಾಯಿಯ ಮೇಲೆ ಬಿದ್ದಳು. ಹನ್ನೊಂದು ವರ್ಷದ ಹುಡುಗಿ, ತೊಡೆ ಗಟ್ಟಿ, ತೋಳು ಗಟ್ಟಿ. ಅಖ್ತರ್ ಬೇಗಂ ಎರಡು ಹೆಜ್ಜೆ ಹಿಂದಕ್ಕೆ ತೂರಾಡಿ ಬಸ್ಸಿನ ಮಗ್ಗುಲಿಗೆ ಒರಗಿಕೊಂಡಳು. ಅಷ್ಟು ಭಾರವಿರುತ್ತಾಳೆಂದು ಅವಳಿಗೆ ಗೊತ್ತಿರಲಿಲ್ಲ.

‘ಬುಡು ಅಮ್ಮಿ. ಕಾಲು ಊರಿದೆ. ನಿಂತಿದೀನಿ.’

‘ಇರು’ ಎಂದಳು ಅಖ್ತರ್ ಬೇಗಂ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಸಂತೋಷವೆಂದು ಹೇಳಲಾಗದು. ತೋಳು ನೋಯುತ್ತಿತ್ತು, ಅದು ಅವಳಿಗೆ ಗೊತ್ತಾಗುತ್ತಿತ್ತು.

ಸಿದ್ದರಾಜು ಊರುಗೋಲು ತಂದುಕೊಟ್ಟ. ಬಸ್ಸು ಹಿಂದಿರುಗಲು ಇನ್ನೂ ಹೊತ್ತಿತ್ತು, ಗಫಾರ್ ಇಳಿದು ಬಂದು ಗಂಟು ಎತ್ತಿಕೊಂಡ. ನಾನಿಯ ಮನೆ ಎಷ್ಟು ದೂರ ಎಂದು ಸುರಯ್ಯಾ ಕೇಳಿದಳು. ‘ಮಸೀದಿ ಹಿಂದೆ’ ಎಂದಳು ತಾಯಿ. ‘ನಿಧಾನಕ್ಕೆ ಹೋಗಣ. ನಾಡಿದ್ದಿಂದ ಇಳಿಯೋದು ಕಲಿಬೇಕು.’

‘ನಾಳೆ?’

‘ನಾಳೆ ಬ್ಯಾಡ. ಮೈ ಸುಧಾರಿಸ್ಕೊಳ್ಳಿ.’

ಮೂವರೂ ಸಂತೆಯ ಜನರ ನಡುವೆ, ಎಲ್ಲರಿಗಿಂತ ನಿಧಾನವಾಗಿ, ಮಸೀದಿಯ ಕಡೆಗೆ ನಡೆದರು.